ನಡುವಿನ ಹೆಸರು

ಭಾಂಡುಪ್ ಸ್ಟೇಷನ್ನಿನ ಪಶ್ಚಿಮಕ್ಕೆ, ಮೆಟ್ಟಿಲು ಇಳಿದ ಕೂಡಲೆ
ಸೀರೆಗೆ ಫಾಲ್ ಹಚ್ಚುವ ಅಂಗಡಿ. ಅಂಗಡಿಯೆಂದರೆ
ಒಂದು ಮಷಿನ್, ಒಂದು ಸ್ಟೂಲು, ನಾನು.
ಹಚ್ಚಿದ್ದು ಹೊರಗೆ ಕಾಣಬಾರದು.
ಕಂಡರೆ ಮೊಕಾಶಿ ಬಾಯಿ ಸೀರೆ ವಾಪಸು ಎಸೆಯುತ್ತಾರೆ.
ಇಪ್ಪತ್ತೆರಡು ವರ್ಷದಿಂದ
ಕಾಣದಂತೆ ಹೊಲಿಯುವುದೇ ನನ್ನ ಅನ್ನ.

ಹಾಗಾಗಿ ಫೋನಿನಲ್ಲಿ ಬರೆಯತೊಡಗಿದಾಗ
ಬಾಬಿನ್ ಎಂದು ಹೆಸರಿಟ್ಟುಕೊಂಡೆ.
ಮೇಲಿನ ದಾರ ಎಲ್ಲರ ಕಣ್ಣಿಗೆ ಬೀಳುತ್ತದೆ,
ಕೆಳಗಿನದು ಮಷಿನ್ನಿನ ಹೊಟ್ಟೆಯಲ್ಲಿ ಸುತ್ತಿಕೊಂಡು ಕೂತಿರುತ್ತದೆ.
ಅದು ಮುಗಿದ ಕ್ಷಣ
ಸೂಜಿ ಬರೀ ತೂತು ಹಾಕುತ್ತ ಹೋಗುತ್ತದೆ.

ಬಾಬಿನ್ ಬರೆದಳು:
ಚಾಳಿನ ನೀರಿನ ಕೀಲಿ ಯಾರ ಜೇಬಿನಲ್ಲಿದೆ,
ತಿರುಗಿಸಲು ಏನು ಕೇಳುತ್ತಾರೆ;
ಅವ್ವ ಕೊಟ್ಟ ಬೋರಮಾಳ ಯಾರ ತಿಜೋರಿ ಸೇರಿತು;
ಒಂದು ರಾತ್ರಿ ಬಾಗಿಲ ಚಿಲಕ
ಹೊರಗಿನಿಂದ ಯಾಕೆ ಬಿತ್ತು.
ಇಂಡಿಯಿಂದ, ಅಕ್ಕಲಕೋಟೆಯಿಂದ, ಕಾಣದ ಯಾವ್ಯಾವುದೋ ಊರಿಂದ
“ನಮ್ಮ ಮನ್ಯಾಗೂ ಹಿಂಗ ಐತಿ ನೋಡವ್ವಾ” ಅಂದರು.
ಯಾರ ಹೆಸರನ್ನೂ ನಾನು ಕೇಳಲಿಲ್ಲ.
ಡೊಂಬಿವ್ಲಿಯ ಎಂಟು ಹದಿನೇಳರ ಲೋಕಲ್ಲಿನಲ್ಲಿ
ಬಟಾಣಿ ಸುಲಿಯುತ್ತ ತನ್ನ ಗರ್ಭ ಇಳಿದದ್ದನ್ನು ಹೇಳಿದವಳ ಹೆಸರು
ಕೇಳಿದ್ದೆನೇ? ಸಿಪ್ಪೆಗೆ ಉಡಿ ಒಡ್ಡಿದ್ದೆ, ಅಷ್ಟೆ.
ಠಾಣೆಯಲ್ಲಿ ಇಳಿದು ಹೋದಳು.

ಈಗ ಫೋನು ಕಾರ್ಡು ಕೇಳುತ್ತಿದೆ.
ಕಾರ್ಡಿನಲ್ಲಿ ಇಲ್ಲಿನ ರೂಢಿಯಂತೆ ಮೂರು ಪದ:
ಮೊದಲು ನಾನು, ಕೊನೆಗೆ ಮನೆತನ,
ನಡುವೆ ಅವನು.
ಅವನ ಹೆಸರು ಬಾಯಲ್ಲಿ ತರಬಾರದು ಅಂತಿದ್ದಳು ಅತ್ತೆ.
ಮದುವೆಯಲ್ಲೊಮ್ಮೆ ಒಡಪು ಕಟ್ಟಿ,
ಬೆಳ್ಳಿ ಬಟ್ಟಲು, ಸಕ್ಕರೆ ಅಚ್ಚು, ಏನೇನೋ ಪ್ರಾಸ ಹುಡುಕಿ
ನಾಚಿ ಹೇಳಿದ್ದೆ.
ಈಗ ಅವನ ಹೆಸರು ಹೇಳದೆ
ಅವನು ಮಾಡಿದ್ದನ್ನು ಹೇಳುವ ಹಾಗಿಲ್ಲ.

ಕೆಟ್ಟವರನ್ನು ಹಿಡಿಯಲು, ಎನ್ನುತ್ತಾರೆ.
ಸುಳ್ಳಲ್ಲ. ಹೆಸರಿಲ್ಲದವನೊಬ್ಬ ನನಗೂ ಹೊಲಸು ಕಳಿಸಿದ್ದ.
ಎರಡು ದಿನ ಊಟ ಸೇರಲಿಲ್ಲ,
ಸಿಕ್ಕಿದ್ದರೆ ಕತ್ತರಿ ತೋರಿಸುತ್ತಿದ್ದೆ.
ಆದರೆ ಪ್ಲಾಟ್‌ಫಾರ್ಮಿನ ನೂಕಿನಲ್ಲಿ ಕೈ ಹಾಕಿದವನ ಕೊರಳಲ್ಲಿ
ಫೋಟೋ ಸಮೇತ ಕಂಪನಿಯ ಕಾರ್ಡು ತೂಗುತ್ತಿತ್ತು.
ಹೆಸರು ಓದಿದೆ. ಪೊಲೀಸ್ ಚೌಕಿಯಲ್ಲಿ ಹೇಳಿದೆ.
ಅವರು ಬರೆದುಕೊಂಡದ್ದು ನನ್ನ ಹೆಸರು, ನನ್ನ ವಿಳಾಸ.

ಮೊನ್ನೆ ವಡಾಪಾವ್ ಕಟ್ಟಿಕೊಟ್ಟ ಕಾಗದ ಬಿಚ್ಚಿದರೆ
ಯಾವಳದೋ ಕಾರ್ಡಿನ ಜೆರಾಕ್ಸು.
ಹುಟ್ಟಿದ ತಾರೀಖು, ಖೋಲಿ ನಂಬರು, ಎಲ್ಲ ಸ್ಪಷ್ಟ.
ಮುಖಕ್ಕೆ ಮಾತ್ರ ಎಣ್ಣೆ ಹತ್ತಿ
ಆಚೆಯ ಬೆಳಕು ಕಾಣುತ್ತಿತ್ತು.
ಜೋಪಾನವಾಗಿ ಇಡುತ್ತೇವೆ ಅಂತ ಆಕೆಗೂ ಯಾರೋ ಹೇಳಿರಬೇಕು.
ಎಸೆಯಲು ಮನಸ್ಸಾಗದೆ
ಮಷಿನ್ನಿನ ಡ್ರಾವರಿನಲ್ಲಿಟ್ಟಿದ್ದೇನೆ.
ಎಳೆದಾಗೆಲ್ಲ ಬೆಳ್ಳುಳ್ಳಿ ಚಟ್ನಿಯ ವಾಸನೆ.

ರಾತ್ರಿ ಶಟರು ಅರ್ಧ ಇಳಿಸಿ ಫೋನು ಎತ್ತಿದೆ.
ಮುಖವನ್ನು ವೃತ್ತದೊಳಗೆ ಇಡಿ, ಅಂದಿತು.
ಕಣ್ಣು ಮಿಟುಕಿಸಿ.
ವೃತ್ತದೊಳಗೆ ಬಾಬಿನ್ ಹಿಡಿದೆ,
ನೀಲಿ ದಾರ ಅರ್ಧ ಉಳಿದದ್ದು.
ಮುಖ ಕಾಣುತ್ತಿಲ್ಲ, ಅಂದಿತು.
ಮತ್ತೆ ಪ್ರಯತ್ನಿಸಿ.
ಇಪ್ಪತ್ತೆರಡು ವರ್ಷ ಅದನ್ನೇ ಅಲ್ಲವೇ ಪ್ರಯತ್ನಿಸಿದ್ದು,
ಕಾಣದಂತೆ, ಆದರೆ ಬಿಚ್ಚದಂತೆ.
ಮೊಕಾಶಿ ಬಾಯಿಯ ಸೀರೆ
ನಾಳೆ ಬೆಳಿಗ್ಗೆ ಕೊಡಬೇಕು.