ಪ್ರಯೋಗ ಸಂಖ್ಯೆ ಮೂರು

ಕೋಡಿಬಾಗದ ಈ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷದಿಂದ
ಗಾಜು ತೊಳೆಯುವವಳು ನಾನು.
ಹನ್ನೊಂದು ಸೂಕ್ಷ್ಮದರ್ಶಕ; ನಾಲ್ಕಕ್ಕೆ ಕಣ್ಣುಪೊರೆ.
ಉಪ್ಪುಗಾಳಿ ಬರೀ ಕಬ್ಬಿಣ ತಿನ್ನುತ್ತದೆ ಎಂದವರು
ಮಸೂರ ಒರೆಸಿ ನೋಡಿದವರಲ್ಲ.

ಇವತ್ತು ಪರೀಕ್ಷೆ. ಕೆನ್ನೆಯ ಕೋಶ.
ಹಲ್ಲುಕಡ್ಡಿಯಿಂದ ಒಳಗೆನ್ನೆ ಮೆಲ್ಲಗೆ ಕೆರೆದು
ಗಾಜಿಗೆ ಸವರಿ ಒಂದು ಹನಿ ನೀಲಿ.
ಒಂದೇ ಹನಿ ಅಂತ ಎಷ್ಟು ಕೂಗಿದರೂ
ಸಂಜೆಗೆ ಅರ್ಧ ಕ್ಲಾಸು ನೇರಳೆಹಣ್ಣು ಕದ್ದವರ ಹಾಗೆ.

"ಕಂಡದ್ದನ್ನಷ್ಟೇ ಬರೆಯಿರಿ" ಅನ್ನುತ್ತಾರೆ ವಾಗ್ಳೆ ಮೇಡಂ.
ಕಣ್ಣು ಮಸೂರಕ್ಕೆ, ಕೈ ಬಾಯಿಪಾಠಕ್ಕೆ.
ಮೂವತ್ತೊಂದು ಹಾಳೆಯಲ್ಲೂ ಅದೇ ಗಾಲ್ಗಿ,
ಒಂದರ ಮೇಲೊಂದು ಪೇರಿಸಿದ ಪತ್ರಾವಳಿ;
ಅದೇ ರೈಬೋಸೋಮ್, ಪೆನ್ಸಿಲ್ ಮೊನೆಯಿಂದ ಕುಟ್ಟಿದ ಚುಕ್ಕೆ.
ನಮ್ಮ ಮಸೂರಕ್ಕೆ ಇವು ಯಾವುವೂ ಕಾಣುವುದಿಲ್ಲ.
ಮೇಡಂಗೂ ಗೊತ್ತು. ಹತ್ತಕ್ಕೆ ಒಂಬತ್ತು.

ನನ್ನ ಓದು ಏಳನೇ ಇಯತ್ತೆ.
ಉಳಿದದ್ದು ಬಾಗಿಲ ಸಂದಿಯಲ್ಲಿ, ಕೈಯಲ್ಲಿ ಬ್ರಷ್ ಹಿಡಿದು.
"ಕೋಶದ ವಿದ್ಯುತ್ ಸ್ಥಾವರ ಯಾವುದು?"
"ಕೈಗಾ!" ಹಿಂದಿನ ಬೆಂಚು, ಪ್ರತಿ ವರ್ಷ, ಅದೇ ನಗು.
ಲೈಸೋಸೋಮಿಗೆ ಕಸ ತಿನ್ನುವ ಕೆಲಸವಂತೆ,
ಡಿ ದರ್ಜೆ ನೌಕರ, ನನ್ನ ಹಾಗೆ.
ಚೀಲ ಒಡೆದರೆ ಮಾತ್ರ ಕೋಶವನ್ನೇ ಮುಕ್ಕುತ್ತದಂತೆ.
ಅದೂ ಸರಿಯೇ.

ಎಂಡೋಪ್ಲಾಸ್ಮಿಕ್ ಜಾಲ ಎಂದಾಗ ಬ್ರಷ್ ನಿಂತಿತು:
ಮರಳ ಮೇಲೆ ಮಡಿಕೆ ಮಡಿಕೆಯಾಗಿ ಬಿದ್ದ ರಂಪಣಿ ಬಲೆ,
ಒದ್ದೆ ನೂಲಿಗೆ ಅಂಟಿದ ತಾರ್ಲಿಯ ಹುರುಪೆ.
ಆದರೆ ರಂಪಣಿ ಹಿಡಿಯುವ ಬಲೆ,
ಇದು ಒಳಗೇ ನೇಯ್ದು ಹೊರಗೆ ಕಳಿಸುವ ಬಲೆ.
ಹೋಲಿಕೆ ಅಲ್ಲಿಗೆ ಹರಿಯಿತು. ಬಾಟಲಿ ತೊಳೆದೆ.

ಮತ್ತೊಂದು ದಿನ ಮೇಡಂ ಹೇಳಿದರು:
ಮೈಟೊಕಾಂಡ್ರಿಯಾ ಮೊದಲು ಇಲ್ಲಿಯದಲ್ಲ.
ಯಾವುದೋ ಕಾಲದಲ್ಲಿ ಹೊರಗಿಂದ ಬಂದದ್ದು,
ನುಂಗಿದವರ ಹೊಟ್ಟೆಯಲ್ಲೇ ಬಾಳುವೆ ಮಾಡಿದ್ದು;
ಅದಕ್ಕೇ ಎರಡು ಪೊರೆ.
ಕಾಣಕೋಣದಿಂದ ದೋಣಿಯಲ್ಲಿ ಮದುವೆಯಾಗಿ ಬಂದ ನಮ್ಮ ಆಯಿ
ತವರಿನ ಸೀರೆ ಬಿಚ್ಚದೆ
ಅದರ ಮೇಲೆಯೇ ಇಲ್ಲಿಯ ಸೀರೆ ಸುತ್ತಿಕೊಂಡ ಹಾಗೆ.
ಅಪ್ಪನ ಕಡೆಯದು ಹುಟ್ಟುವ ಮೊದಲೇ ಅಳಿಯುತ್ತದಂತೆ.
ಅಡ್ಡಹೆಸರು ಅವನದು, ಒಲೆ ಇವಳದು.

ರೋಹಿದಾಸ ತಾಂಡೇಲ, ಬೈತಖೋಲದ ಹುಡುಗ,
ಕಂಡದ್ದನ್ನಷ್ಟೇ ಬರೆದ.
ಅಂಕುಡೊಂಕು ಅಂಚು. ನಡುವೆ ನೀಲಿ ಬೊಟ್ಟು. ಉಳಿದದ್ದು ಬಿಳಿ.
ಕೋಶದ ಒಂದು ಮೂಲೆ ಮಡಚಿತ್ತು,
ಮಡಚಿದ್ದನ್ನೂ ಮಡಚಿದಂತೆಯೇ ಬರೆದಿದ್ದ.
ಧಾರವಾಡದಿಂದ ಬಂದ ಪರೀಕ್ಷಕರು ಕನ್ನಡಕ ಏರಿಸಿದರು.
"ಮೈಟೊಕಾಂಡ್ರಿಯಾ ಎಲ್ಲಿ?"
"ಕಾಣಲಿಲ್ಲ ಸರ್."
"ಹಾಗಾದರೆ ಇಲ್ಲವೋ?"
ಹುಡುಗ ಕಿಟಕಿಯಾಚೆ ನೋಡಿದ.
"ಇದೆ ಸರ್. ಬಂಗುಡೆ ಹಿಂಡೂ ಕಾಣುವುದಿಲ್ಲ.
ನೀರು ಒಂದು ಕಡೆ ಕಪ್ಪಾಗುತ್ತದೆ, ಹಕ್ಕಿ ಇಳಿಯುತ್ತವೆ,
ಅಪ್ಪ ಬಲೆ ಬಿಡುತ್ತಾನೆ.
ಆದರೆ ಮೀನು ಕಂಡೆ ಅಂತ ಹೇಳುವುದಿಲ್ಲ."

ಹತ್ತಕ್ಕೆ ನಾಲ್ಕು.

ಐದೂವರೆ. ದೀಪ ಆರಿಸುವ ಮುನ್ನ
ನನ್ನ ಕೆನ್ನೆಯನ್ನೂ ಕೆರೆದೆ,
ಬಲಗಡೆ, ಎಲೆ ಅಡಿಕೆ ಇಡದ ಕಡೆ.
ಅಂಚು. ಬೊಟ್ಟು. ಬಿಳಿ.
ಆಯಿ ತೀರಿ ಏಳು ಮಳೆಗಾಲ.
ಸ್ಕ್ರೂ ತಿರುಗಿಸಿದೆ, ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ.
ತಿರುಗಿಸುವ ಬೆರಳು ಬೆಚ್ಚಗಿತ್ತು.
ಕಾಣಲಿಲ್ಲ.

ಮೂವತ್ತೆರಡು ಕೆನ್ನೆ ತೊಳೆದು ಬುಟ್ಟಿಗೆ ಹಾಕಿದೆ;
ನೀಲಿ ನೀರು ಮೋರಿ ಹಿಡಿದು ಕಾಳಿಯ ಅಳಿವೆಗೆ.
ಮೂವತ್ತಮೂರನೆಯದು
ನಾಳೆ ತೊಳೆದರಾಯಿತು.