ಐವತ್ತೊಂದಕ್ಕೆ ಎಲ್ಲರೂ ಔಟ್

ಪೋರ್ಟ್ ಮೋರ್ಸ್‌ಬಿಯ ಬಿಸಿಲಿಗೆ ಪೆನ್ಸಿಲೂ ಬೆವರುತ್ತದೆ.
ಪೆನ್ನು ನಾನು ಮುಟ್ಟುವುದಿಲ್ಲ;
ಎತ್ತಿದ ಬೆರಳನ್ನು ಅಂಪೈರೇ ಇಳಿಸಿಕೊಂಡದ್ದುಂಟು,
ಆಗ ಅಳಿಸಬೇಕಾದವಳು ನಾನು, ಹೆನಾವೋ.

ಇಪ್ಪತ್ತಾರು ವರ್ಷದ ಸ್ಕೋರು ಪುಸ್ತಕಗಳು ಟ್ರಂಕಿನಲ್ಲಿವೆ,
ಉಪ್ಪುಗಾಳಿ ತಿಂದು ಬಿಟ್ಟಷ್ಟು.
ತಿರುವಿದರೆ ಅವೇ ಹೆಸರು:
ಫಿಜಿ, ವನುವಾಟು, ಸಮೋವಾ, ಮತ್ತೆ ಫಿಜಿ.
ಗೆದ್ದೆವು, ಗೆದ್ದೆವು,
ಗೆದ್ದು ಗೆದ್ದು ಇದ್ದಲ್ಲೇ ಇದ್ದೆವು.

ಇವತ್ತು ದೊಡ್ಡವರು ಬಂದಿದ್ದಾರೆ.
ಅವರ ಕಿಟ್ಟುಗಳಿಗೇ ಒಂದು ಲಾರಿ.
ಒಂದೇ ಪಂದ್ಯ, ರಾತ್ರಿಯ ವಿಮಾನಕ್ಕೆ ವಾಪಸು;
ಎಲ್ಲಿಗೋ ಹೋಗುವ ದಾರಿಯಲ್ಲಿ
ನೀರು ಕುಡಿಯಲು ನಿಂತ ಹಾಗೆ.

ಅವರದು ಮುನ್ನೂರ ಇಪ್ಪತ್ತೆಂಟು.
ನಾಲ್ಕು ಬರೆದೂ ಬರೆದೂ ಬೆರಳು ಗಂಟುಕಟ್ಟಿತು.
ಆಮೇಲೆ ನಮ್ಮ ಸರದಿ:
ಚುಕ್ಕೆ, ಚುಕ್ಕೆ, ವಿಕೆಟ್ಟು, ಚುಕ್ಕೆ,
ಅಜ್ಜಿಯ ಮುಂಗೈ ಹಚ್ಚೆಯ ಹಾಗೆ ಸಾಲು ಸಾಲು.

ಒಂಬತ್ತನೆಯವನು ಮೊರೇಯಾ, ನನ್ನ ತಂಗಿಯ ಮಗ,
ವಾರವೆಲ್ಲ ಬಂದರಿನಲ್ಲಿ ಕಂಟೇನರು ಎಣಿಸುವವನು.
ನಮ್ಮ ಮನೆಗಳು ಕಡಲ ಮೇಲೆ, ಕಂಬದ ಕಾಲಲ್ಲಿ;
ಓಣಿಯೆಂದರೆ ಮೂರು ಹಲಗೆ ಅಗಲ. ಅಲ್ಲೇ ಆಟ.
ಎಡಕ್ಕೆ ಹೊಡೆದರೆ ನೀರು, ಬಲಕ್ಕೆ ಹೊಡೆದರೂ ನೀರು,
ನೀರಿಗೆ ಬಿದ್ದರೆ ಔಟು, ಹೊಡೆದವನೇ ಈಜಿ ತರಬೇಕು.
ಹೀಗಾಗಿ ನಮ್ಮ ಮಕ್ಕಳ ಬ್ಯಾಟು
ನೆಟ್ಟಗೆ ಬರುತ್ತದೆ, ಯಾರೂ ಕಲಿಸದೆ.

ಆದರೆ ಹಲಗೆಯ ಮೇಲೆ ಚೆಂಡು
ಕಿವಿಯೆತ್ತರಕ್ಕೆ ಏಳುವುದಿಲ್ಲ.
ಅದನ್ನು ಓಣಿ ಕಲಿಸದು, ಫಿಜಿ ಕಲಿಸದು,
ಚೆಂಡೆಸೆವ ಯಂತ್ರ ಕೆಟ್ಟು ಎರಡು ವರ್ಷವಾಯಿತು.
ಪಕ್ಕದಲ್ಲೇ ಸುಯ್ಯೆಂದು ಹಾದುಹೋದ ಮೇಲಷ್ಟೇ
ಕುತ್ತಿಗೆಗೆ ಗೊತ್ತಾಗುವ ಪಾಠ ಅದು.

ಮೊದಲನೆಯದನ್ನು ಅವನು ನೋಡಲೇ ಇಲ್ಲ.
ಎರಡನೆಯದನ್ನು ನೋಡಿದ, ತಡವಾಗಿ.
ಮೂರನೆಯದು ಹೆಗಲಿಗೆ.
ಏಳನೆಯದಕ್ಕೆ ತಲೆ ತಗ್ಗಿಸಿದ, ಸರಿಯಾದ ಹೊತ್ತಿಗೆ.
ಪುಸ್ತಕದಲ್ಲಿ ಎಲ್ಲಕ್ಕೂ ಒಂದೇ ಚುಕ್ಕೆ;
ತಗ್ಗಿದ್ದಕ್ಕೆ ಗುರುತಿಲ್ಲ ನಮ್ಮ ಲೆಕ್ಕದಲ್ಲಿ.
ಅದೊಂದನ್ನು ನಾನೇ ಸ್ವಲ್ಪ ಒತ್ತಿ ಬರೆದೆ.

ಒಂಬತ್ತನೆಯದು ಮುಂದೆ ಬಿತ್ತು.
ಓಣಿ ನೆನಪಾಯಿತೇನೋ ಕೈಗೆ:
ಮೂರು ಹಲಗೆ ಅಗಲದಲ್ಲಿ, ನೆಲ ಬಿಡದೆ,
ಬೌಲರನ ಬೂಟನ್ನು ಸವರಿಕೊಂಡು ಗೆರೆಯಾಚೆಗೆ.
ನಾಲ್ಕು.
ಮರದ ಮೇಲಿದ್ದ ಹುಡುಗರು ಇಳಿಯಲಿಲ್ಲ, ಉದುರಿದರು.
ಹತ್ತನೆಯದಕ್ಕೆ ನಡುವಿನ ಗೂಟ ಮಲಗಿತು.

ಟೀವಿಯವನು ಕೇಳುತ್ತಿದ್ದ, ಯಾರನ್ನೋ:
ಇಂಥ ಒಮ್ಮುಖದ ಪಂದ್ಯ ಯಾಕಾದರೂ ಬೇಕು?
ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ,
ನಮ್ಮ ಮುತ್ತಜ್ಜಂದಿರು ಮಡಕೆ ತುಂಬಿಕೊಂಡು
ಪಡುವಣಕ್ಕೆ ಹಾಯಿ ಬಿಡುತ್ತಿದ್ದರು, ಸಾಗೂ ಬೆಳೆವ ನಾಡಿಗೆ.
ಹೋಗಲು ಒಂದು ಗಾಳಿ, ಬರಲು ಇನ್ನೊಂದು,
ನಡುವೆ ತಿಂಗಳುಗಟ್ಟಲೆ ಕಾಯುವುದು.
ಮುರಿದ ಮಡಕೆ ಎಷ್ಟೋ, ಮುಳುಗಿದ ದೋಣಿ ಎಷ್ಟೋ.
ಒಂದೇ ಸಲ ಹೋಗಿಬಂದಿದ್ದರೆ ಅದು ಬರೀ ಒಂದು ಕತೆ.
ವರ್ಷ ವರ್ಷವೂ ಹೋದದ್ದಕ್ಕೆ
ಅದಕ್ಕೊಂದು ಹೆಸರು ನಿಂತಿತು: ಹಿರಿ.

ಅವರ ನಾಯಕ ಒಳ್ಳೆಯ ಹುಡುಗ.
ಟೋಪಿಗೆ, ಬ್ಯಾಟಿಗೆ, ಒಬ್ಬನ ಬ್ಯಾಂಡೇಜಿಗೆ ಸಹಿ ಹಾಕುತ್ತ ಬಂದವನು
ನಿಮ್ಮ ಪುಸ್ತಕಕ್ಕೂ ಹಾಕಲೇ ಅಮ್ಮಾ ಎಂದ.
ಸಹಿ ಬೇಡಪ್ಪ, ಎಂದೆ, ತಾರೀಕು ಬರೆ.
ಇವತ್ತಿನದೇ?
ಅಲ್ಲ, ಮುಂದಿನದು.
ನಕ್ಕ. ಮ್ಯಾನೇಜರನ ಕಡೆ ನೋಡಿದ.
ಮ್ಯಾನೇಜರು ಕೈಗಡಿಯಾರ ನೋಡಿದ.

ಬಸ್ಸು ಹೋದ ಮೇಲೆ ಮೊರೇಯಾ ಬಂದು ಕೂತ,
ಹೆಗಲ ಮೇಲೆ ಮೀನಂಗಡಿಯ ಐಸು.
ನಾಲ್ಕರ ಮಾತೇ ಎತ್ತಲಿಲ್ಲ.
ದೊಡ್ಡಮ್ಮಾ, ಎಂದ, ಏಳನೆಯದನ್ನು ನೋಡಿದೆಯಾ?