ತಗಡಿನ ಮೇಲೆ ಬಿದ್ದ ಹಣ್ಣು

ಕ್ಯಾಮೆರಾ ತೋತೋನದು, ಪ್ರಶ್ನೆ ಮಿರ್ತಾಳದು.
ನಾನು ಸದ್ದು ಹಿಡಿಯುವವನು,
ಕೋಲಿನ ತುದಿಗೆ ಮೈಕು ಕಟ್ಟಿಕೊಂಡು
ಆಸುನ್ಸಿಯೋನಿನ ಬಿಸಿಲಿನಲ್ಲಿ ನಿಂತವನು.

ಈ ಚಿತ್ರಕ್ಕೆ ಕಣ್ಣಾರೆ ಕಂಡ ಸಾಕ್ಷಿಯೇ ಇಲ್ಲ.
ದೋನ್ ಕ್ರಿಸ್ಪುಲೋನ ಕಣ್ಣಿಗೆ ಬಟ್ಟೆ ಕಟ್ಟಿ ಒಯ್ದರು,
ಕಟ್ಟಿಯೇ ಇಟ್ಟರು ತೊಂಬತ್ತು ಚಿಲ್ಲರೆ ದಿನ.
ಮನೆಗೆ ಯಾವ ಬಣ್ಣ, ಕೇಳಿದರೆ ನಗುತ್ತಾನೆ.
ಹಿತ್ತಿಲ ಶೆಡ್ಡಿಗೆ ಮೆಟ್ಟಿಲು ಹದಿನಾಲ್ಕು, ಒಂಬತ್ತನೆಯದು ಸಡಿಲ,
ಇಳಿಯುವಾಗ ಮಾತ್ರ ಕಿರುಗುಡುತ್ತಿತ್ತು, ಅನ್ನುತ್ತಾನೆ.
ನದಿ ದೂರವಿರಲಿಲ್ಲ; ಮರಳು ದೋಣಿಯ ಸಿಳ್ಳು ಎರಡು ಸಲ,
ಆಮೇಲೆ ಕಾಫಿ ಕುದಿಯುವ ವಾಸನೆ, ಅವರದು.
ಚಿಪಾ ರೊಟ್ಟಿ ಮಾರುವವಳೊಬ್ಬಳು ದಿನವೂ
ಅದೇ ಮೂಲೆಗೆ ಬಂದು ಕೊರಳೆತ್ತಿ ಕೂಗುತ್ತಿದ್ದಳು.
ಒಳಗಿನ ಕೂಗು ಅವಳಿಗೆ ಕೇಳಿತ್ತೋ ಏನೋ.
ಮತ್ತೆ, ಮಾವು.

ನವೆಂಬರಿನ ಕೊನೆಗೆ ಶುರು. ತಗಡಿನ ಸೂರಿನ ಮೇಲೆ ಧಡ್.
ಆಮೇಲೆ ಉರುಳು, ಆಮೇಲೆ ಒಂದು ಗಳಿಗೆ ಏನೂ ಇಲ್ಲ,
ಆಮೇಲೆ ನೆಲಕ್ಕೆ ಪಚಕ್.
ದಿನಕ್ಕೆ ನಲವತ್ತು ಬಿದ್ದಾಗ ಕ್ರಿಸ್‌ಮಸ್ ಎಂದುಕೊಂಡ,
ಮೂರಕ್ಕೆ ಇಳಿದಾಗ
ಮಗಳಿಗೆ ಹಲ್ಲು ಬಂದಿರಬೇಕು ಎಂದುಕೊಂಡ.

ಸಾಹೋನಿಯಾದಲ್ಲಿ ಹನ್ನೊಂದು ಮನೆ ಹತ್ತಿ ಇಳಿದೆವು.
ಪ್ರತಿ ಬಾಗಿಲಲ್ಲೂ ಮಿರ್ತಾ ಅದೇ ಸುಳ್ಳು ಹೇಳಿದಳು:
ಹಳೆಯ ಮೆಟ್ಟಿಲುಗಳ ಬಗ್ಗೆ ಒಂದು ಚಿತ್ರ.
ಪ್ರತಿ ಮನೆಯಲ್ಲೂ ಮುದುಕ ಕಣ್ಣು ಮುಚ್ಚಿ
ನನ್ನ ಭುಜದ ಮೇಲೆ ಕೈಯಿಟ್ಟು ಇಳಿದ.
ಹನ್ನೆರಡನೆಯದು ಹಲ್ಲಿನ ಡಾಕ್ಟರ ಕ್ಲಿನಿಕ್ಕು.
ಮೆಟ್ಟಿಲಿಗೆ ಹೊಸ ಟೈಲು, ಕಿರುಗುಡುವುದಿಲ್ಲ.
ಸೂರು ಕಾಂಕ್ರೀಟು. ಮರ ಇಲ್ಲ.
ಒಳಗೆ ಡ್ರಿಲ್ಲು ಶುರುವಾಯಿತು, ಯಾರದೋ ದವಡೆಯಲ್ಲಿ.
ಭುಜದ ಮೇಲಿನ ಕೈ
ಬಿಗಿಯಲಿಲ್ಲ, ನಡುಗಲಿಲ್ಲ. ತಣ್ಣಗಾಯಿತು, ಅಷ್ಟೇ.
“ಕುರ್ಚಿ ಇಲ್ಲೇ ಇತ್ತು,” ಅಂದ.

ಡಾಕ್ಟರಮ್ಮ ಒಳ್ಳೆಯವಳು, ನೀರು ಕೊಟ್ಟಳು.
“ನಮಗೇನೂ ಗೊತ್ತಿಲ್ಲ,” ಅಂದಳು ಗ್ವಾರಾನಿಯಲ್ಲಿ.
ನಮ್ಮ ಗ್ವಾರಾನಿಯಲ್ಲಿ ‘ನಾವು’ ಎರಡಿವೆ:
ಕೇಳುವವನನ್ನೂ ಸೇರಿಸಿಕೊಳ್ಳುವ ನಾವು, ಅದು ಞಂದೆ;
ಅವನನ್ನು ಹೊಸಿಲಾಚೆ ನಿಲ್ಲಿಸುವ ನಾವು, ಅದು ಒರೆ.
ಅವಳು ಒರೆ ಅಂದಳು. ವ್ಯಾಕರಣ ಸರಿಯಿದೆ,
ಆ ವರ್ಷ ಅವಳಿನ್ನೂ ಹುಟ್ಟಿರಲಿಲ್ಲ.
ಕಾವಲಿನವರೂ ಒರೆ ಅನ್ನುತ್ತಿದ್ದರಂತೆ.
ಪ್ರಶ್ನೆ ಸ್ಪ್ಯಾನಿಷಿನಲ್ಲಿ, ಬೈಗುಳ ಅವ್ವನ ಭಾಷೆಯಲ್ಲಿ.
ಅದೊಂದನ್ನು ಅವನು ಇವತ್ತಿಗೂ ಮನ್ನಿಸಿಲ್ಲ.

ಗೋಡೆಯಾಚೆ ಅಜ್ಜಿಯೊಬ್ಬಳು ತೆರೆರೆ ಹೀರುತ್ತಿದ್ದಳು.
ಮರವಾ? ಜನರಲ್ ಓಡಿಹೋದ ವರ್ಷ ಕಡಿಸಿದೆ.
ಯಾಕೆ? ಗುಡಿಸಿ ಗುಡಿಸಿ ಸಾಕಾಗಿತ್ತು.
ಮಿರ್ತಾ ಸುಮ್ಮನೆ ನಿಂತಳು. ತೋತೋ ಕ್ಯಾಮೆರಾ ಇಳಿಸಲಿಲ್ಲ.
ಬಹಳ ಹೊತ್ತಿನ ಮೇಲೆ ಅಜ್ಜಿಯೇ ಅಂದಳು:
ಆ ಕಡೆ ಬಿದ್ದ ಹಣ್ಣನ್ನು ಯಾರೂ ಹೆಕ್ಕುತ್ತಿರಲಿಲ್ಲ.
ನಾನೂ ಕೇಳಲು ಹೋಗಲಿಲ್ಲ.

ಎಡಿಟಿಂಗಿನಲ್ಲಿ ಜಗಳ ಬಿದ್ದದ್ದು ಬೇರೆಯದಕ್ಕೆ.
ಕಾರಿನಲ್ಲಿ ಕೂತ ಮೇಲೆ, ಮೈಕು ಇನ್ನೂ ತೆರೆದಿದ್ದಾಗ,
ಮುದುಕ ಹೇಳಿದ್ದ: “ಆ ಮನೆಯಲ್ಲಿ ನಾವು ಕೆಟ್ಟೆವು.”
ಞಂದೆ ಅಂದಿದ್ದ.
ಯಾರನ್ನು ಸೇರಿಸಿಕೊಂಡ? ನನ್ನನ್ನೇ? ಮಿರ್ತಾಳನ್ನೇ?
ಕಾಫಿ ಕುದಿಸಿದವನನ್ನೂ?
ಸ್ಪ್ಯಾನಿಷ್ ಸಬ್‌ಟೈಟಲಿಗೆ ಇರುವುದೊಂದೇ ನಾವು.
ಮೂರು ರಾತ್ರಿ ಕಾದಾಡಿ ಕೊನೆಗೆ ಫೋನು ಮಾಡಿದೆವು.
“ಏನಾದರೂ ಹಾಕಿಕೊಳ್ಳಿ, ಮ್ಯಾಚು ಶುರುವಾಯಿತು,”
ಇಟ್ಟುಬಿಟ್ಟ.

ಡಿಸೆಂಬರಿನಲ್ಲಿ ಅರೆಗ್ವಾಕ್ಕೆ, ಚಿಕ್ಕಮ್ಮನ ಮನೆಗೆ ಹೋದೆ.
ತಗಡಿನ ಸೂರಿನಡಿ ಮೈಕು ಇಟ್ಟು, ಕಣ್ಣಿಗೆ ಟವೆಲು ಸುತ್ತಿ,
ಇಡೀ ಮಧ್ಯಾಹ್ನ ಮಲಗಿದೆ. ಮೂವತ್ತೊಂದು ಬಿದ್ದವು.
ಎಷ್ಟನೆಯದಕ್ಕೋ ಬೆಚ್ಚುವುದು ನಿಂತಿತು.
ಮಿರ್ತಾ ಹೆಡ್‌ಫೋನು ಹಾಕಿ ಪೂರ್ತಿ ಕೇಳಿ, ತೆಗೆದು, ಅಂದಳು:
ಚೆನ್ನಾಗಿದೆ. ಹಾಕುವುದು ಬೇಡ.
ಚಿತ್ರದಲ್ಲಿ ಆ ಜಾಗಕ್ಕೆ ಬರುವುದು ಕ್ಲಿನಿಕ್ಕಿನ ಒಂದು ನಿಮಿಷ:
ಏಸಿಯ ಗುಂಯ್, ಗಾಜಿನ ಲೋಟ, ಪಕ್ಕದ ಕೋಣೆಯ ನಲ್ಲಿ.

ನನ್ನ ಫೈಲಿನ ಕೊನೆಯಲ್ಲಿ ಚಿಕ್ಕಮ್ಮ ಕೂಗುವುದಿದೆ,
ಹೆಕ್ಕಿಕೊಂಡು ಬಾರೋ, ಕೊಳೆತುಹೋಗುತ್ತೆ.
ಆಮೇಲೆ ನನ್ನ ಹೆಜ್ಜೆ,
ಬಕೆಟ್ಟಿನ ಹಿಡಿ.